ಶಾಸಕರೇ, ನಮ್ಮ ಹಳ್ಳದ ಸೇತುವೆ ಎತ್ತರ ಮಾಡಿಸಿ

ನಮ್ಮ ಕ್ಷೇತ್ರದ ಮಾನ್ಯ ಶಾಸಕರಿಗೆ ನಮಸ್ಕಾರಗಳು.

ನಾನು ಕಲಬುರಗಿ ಜಿಲ್ಲೆಯ ಭೀಮಾ ದಂಡೆಯ ಒಂದು ಹಳ್ಳಿಯವಳು. ಹೊಲ, ಮನೆ, ಎರಡು ಎಮ್ಮೆ, ವಯಸ್ಸಾದ ಅತ್ತೆ ಮಾವ, ಇಷ್ಟು ನನ್ನ ಸಂಸಾರ. ಊರಿನ ಹೆಸರು ನಿಮಗೆ ಹೇಳಬೇಕಾಗಿಲ್ಲ. ಚುನಾವಣೆ ಸಮಯದಲ್ಲಿ ನಮ್ಮ ಹಳ್ಳದ ಸೇತುವೆ ಮೇಲೆ ನಿಮ್ಮ ಗಾಡಿ ನಿಲ್ಲಿಸಿ ಮಾಲೆ ಹಾಕಿದ್ದೆವು. ಆ ಸೇತುವೆ ಬಗ್ಗೆಯೇ ಈ ಪತ್ರ.

ಇಷ್ಟು ವರ್ಷ ನಾವು ಬಾಯಿ ಬಿಡಲಿಲ್ಲ ಅಂತಲ್ಲ. ಗ್ರಾಮಸಭೆಯಲ್ಲಿ ಹೇಳಿದ್ದೇವೆ, ಅರ್ಜಿ ಕೊಟ್ಟಿದ್ದೇವೆ, ಸ್ವೀಕೃತಿ ಚೀಟಿಗಳನ್ನು ಟ್ರಂಕಿನಲ್ಲಿ ಜೋಪಾನ ಮಾಡಿದ್ದೇವೆ. ಆದರೆ ಮೊನ್ನೆ ನಡೆದದ್ದು ನೋಡಿ ತಡೆಯಲಾಗಲಿಲ್ಲ. ಸೇತುವೆ ಹತ್ತಿರ ಒಂದು ಟ್ರ್ಯಾಕ್ಟರ್ ಬಂದು ನಿಂತಿತು. ಕೆಲಸ ಶುರುವಾಯಿತು ಅಂತ ಊರಿನ ಹುಡುಗರು ಓಡಿ ಹೋದರು. ಬಂದವರು ಸೇತುವೆಯ ಎರಡೂ ಬದಿಯ ಕಲ್ಲುಗಳಿಗೆ ಬಿಳಿ ಬಣ್ಣ, ಅದರ ನಡುವೆ ಕೆಂಪು ಪಟ್ಟಿ ಬಳಿದರು. 2020ರ ನೆರೆ ನೀರಿಗೆ ಮುರಿದು ಅರ್ಧ ಉಳಿದ ಕಲ್ಲುಗಳಿಗೂ ಬಳಿದರು. ಕಿತ್ತುಹೋದ ಕಲ್ಲಿನ ಜಾಗ ಹಾಗೇ ಬಿಟ್ಟರು. ಸಂಜೆಗೆ ಹೊರಟು ಹೋದರು.

ನೀರಲ್ಲಿ ಮುಳುಗುವ ಸೇತುವೆಗೆ ಬಣ್ಣ ಯಾಕೆ ಬೇಕು ಸಾಹೇಬರೇ? ನಮಗೆ ಬೇಕಾಗಿರುವುದು ಎತ್ತರ. ಸೇತುವೆ ಎತ್ತರ ಮಾಡಿಸಿ.

ನೀವು ಈ ಭಾಗದವರೇ. ಭೀಮೆಯ ಸ್ವಭಾವ ನಿಮಗೆ ನಾನು ಹೇಳಿಕೊಡಬೇಕಾಗಿಲ್ಲ. ಆದರೂ ಒಂದು ಮಾತು ಹೇಳುತ್ತೇನೆ. ನಮ್ಮ ಸೇತುವೆ ನದಿ ಮೇಲಿಲ್ಲ, ನದಿಗೆ ಸೇರುವ ಹಳ್ಳದ ಮೇಲಿದೆ. ಸಿಮೆಂಟ್ ಪೈಪ್ ಇಟ್ಟು ಮೇಲೆ ಕಾಂಕ್ರೀಟ್ ಹಾಕಿದ ಕೆಳಸೇತುವೆ. ವರ್ಷದಲ್ಲಿ ಹತ್ತು ತಿಂಗಳು ಅದರ ಕೆಳಗೆ ಆಡು ಮೇಯುತ್ತವೆ. ಮೇಲೆ ಮಹಾರಾಷ್ಟ್ರದಲ್ಲಿ ಮಳೆ ಜೋರಾಗಿ, ಉಜನಿ ಅಣೆಕಟ್ಟಿನಿಂದ ನೀರು ಬಿಟ್ಟು, ಸೀನಾ ನದಿಯೂ ಬಂದು ಕೂಡಿದರೆ ಭೀಮೆ ಉಕ್ಕುತ್ತಾಳೆ. ಆಗ ಹಳ್ಳದ ನೀರಿಗೆ ನದಿಗೆ ಹೋಗಲು ದಾರಿ ಇರುವುದಿಲ್ಲ. ನದಿಯ ನೀರೇ ಹಳ್ಳದೊಳಗೆ ಹಿಂದಕ್ಕೆ ನುಗ್ಗುತ್ತದೆ. ಕಬ್ಬಿನ ರವದಿ, ಜಾಲಿ ಕಂಟಿ ಬಂದು ಪೈಪಿಗೆ ಸಿಕ್ಕಿಕೊಳ್ಳುತ್ತವೆ. ಎಷ್ಟೋ ಸಲ ನಮ್ಮೂರಲ್ಲಿ ಒಂದು ಹನಿ ಮಳೆ ಇರುವುದಿಲ್ಲ, ಬಿಸಿಲು ಬಿದ್ದಿರುತ್ತದೆ, ಸೇತುವೆ ಮಾತ್ರ ಮುಳುಗಿರುತ್ತದೆ. ಮೂರು ಕಡೆ ನದಿ ಮತ್ತು ಹಳ್ಳ, ನಾಲ್ಕನೇ ಕಡೆ ಎರಿ ಹೊಲ, ಅಂದರೆ ಕಪ್ಪು ಮಣ್ಣಿನ ಹೊಲ. ಆ ಎರಿ ಮಣ್ಣು ಒಮ್ಮೆ ನೆನೆದರೆ ಎತ್ತಿನ ಬಂಡಿಯೂ ಹೋಗುವುದಿಲ್ಲ, ಮನುಷ್ಯ ಮೊಣಕಾಲು ತನಕ ಹೂತು ಹೋಗುತ್ತಾನೆ.

2025ರ ಸೆಪ್ಟೆಂಬರ್ ಕೊನೆಯಲ್ಲಿ ಆದದ್ದು ಇದೇ. ಘತ್ತರಗಿಯ ಭಾಗ್ಯವಂತಿ ಗುಡಿಗೆ ನೀರು ಬಂತು, ಕಟ್ಟಿಸಂಗಾವಿ ಹತ್ತಿರ ಜೇವರ್ಗಿ ರಸ್ತೆ ಬಂದ್ ಆಯಿತು ಅಂತ ಸುದ್ದಿ ಬಂತು. ಮುಖ್ಯಮಂತ್ರಿಗಳು ಹೆಲಿಕಾಪ್ಟರಿನಲ್ಲಿ ನೋಡಿ ಹೋದರು. ನಮ್ಮಂಥ ಸಣ್ಣ ಊರು ಸುದ್ದಿಯಲ್ಲಿ ಬರಲಿಲ್ಲ. ಯಾಕೆಂದರೆ ನಮ್ಮ ಮನೆಗಳೊಳಗೆ ನೀರು ನುಗ್ಗಲಿಲ್ಲ. ಊರು ದಿಬ್ಬದ ಮೇಲಿದೆ. ನೀರು ಸುತ್ತ ನಿಂತಿತು, ನಾವು ಒಳಗೆ ಉಳಿದೆವು.

ಒಳಗೆ ಉಳಿಯುವುದು ಅಂದರೆ ಏನು ಅಂತ ಕೇಳಿ. ಮೊದಲು ಕರೆಂಟ್ ಹೋಯಿತು. ಕರೆಂಟ್ ಹೋದರೆ ಬೋರ್ ಮೋಟರ್ ಇಲ್ಲ, ಕುಡಿಯುವ ನೀರಿಲ್ಲ. ಸುತ್ತ ಕಣ್ಣು ಹಾಯಿಸಿದಷ್ಟು ನೀರು, ಕೊಡದಲ್ಲಿ ನೀರಿಲ್ಲ. ನಡುವೆ ಮಳೆ ಬಂದಾಗ ಮಾಳಿಗೆ ಮೇಲಿನ ಕೊಳವೆಗೆ ಬಕೆಟ್ ಇಟ್ಟು ಮಳೆನೀರು ಹಿಡಿದು, ಬಟ್ಟೆಯಲ್ಲಿ ಸೋಸಿ ಕಾಯಿಸಿ ಕುಡಿದೆವು. ಕರೆಂಟ್ ಇಲ್ಲ ಅಂದರೆ ಗಿರಣಿಯೂ ಇಲ್ಲ. ಮನೆಯಲ್ಲಿ ಜೋಳದ ಚೀಲ ಇದ್ದವು ಸಾಹೇಬರೇ, ಹಿಟ್ಟು ಮಾತ್ರ ಇರಲಿಲ್ಲ. ನಮ್ಮ ಅತ್ತೆ ಮೂಲೆಯಲ್ಲಿದ್ದ ಬೀಸುಕಲ್ಲು ತೆಗೆಸಿದರು. ಅದರ ಗೂಟ ಹುಳ ತಿಂದು ಹೋಗಿತ್ತು, ಬೇವಿನ ಕಟ್ಟಿಗೆ ಕೆತ್ತಿ ಹೊಸ ಗೂಟ ಬಡಿದೆವು. ಅಕ್ಕಪಕ್ಕದ ಹೆಣ್ಣುಮಕ್ಕಳು ಪಾಳಿ ಹಚ್ಚಿ ಬೀಸಿದೆವು. ಅಂಗೈ ಬೊಬ್ಬೆ ಎದ್ದವು. ಆ ಹಿಟ್ಟು ನುಣ್ಣಗೆ ಬರುವುದಿಲ್ಲ, ಬಡಿಯುವಾಗ ರೊಟ್ಟಿ ಅಂಚು ಹರಿಯುತ್ತದೆ. ಅದನ್ನೇ ಶೇಂಗಾ ಹಿಂಡಿ ಜೊತೆ ಮಕ್ಕಳಿಗೆ ಕೊಟ್ಟೆವು. ಗ್ಯಾಸ್ ಮುಗಿದವರ ಮನೆಯಲ್ಲಿ ಕುಳ್ಳು ಹಸಿಯಾಗಿದ್ದವು, ಹೊಗೆಯಲ್ಲಿ ಕಣ್ಣು ಉರಿಯುತ್ತಿತ್ತು. ರಾತ್ರಿ ಹಾವು ಚೇಳು ದಿಬ್ಬಕ್ಕೆ ಹತ್ತಿ ಬರುತ್ತಿದ್ದವು. ಮಕ್ಕಳನ್ನು ಮಂಚದ ಮೇಲೆ ಮಲಗಿಸಿ ದೊಡ್ಡವರು ಕೂತೇ ರಾತ್ರಿ ಕಳೆದೆವು.

ಇದನ್ನೆಲ್ಲ ಸಹಿಸಬಹುದು. ಸಹಿಸಲಾಗದ್ದು ನಮ್ಮ ಮಾವನ ಔಷಧಿ ವಿಷಯ. ಅವರಿಗೆ ಸಕ್ಕರೆ ಕಾಯಿಲೆ, ದಿನಾ ಇನ್ಸುಲಿನ್ ಬೇಕು. ಫ್ರಿಜ್ ಬಂದ್ ಆದ ಮೇಲೆ ಬಾಟಲಿಯನ್ನು ಹಸಿ ಬಟ್ಟೆಯಲ್ಲಿ ಸುತ್ತಿ ಮಣ್ಣಿನ ಗಡಿಗೆಯಲ್ಲಿಟ್ಟೆ. ಅದೂ ಮುಗಿಯುತ್ತಾ ಬಂತು. ಮೊಬೈಲಿನಲ್ಲಿ ಸ್ವಲ್ಪ ಚಾರ್ಜ್ ಉಳಿದಿತ್ತು. ಸಹಾಯಕ್ಕೆ ಅಂತ ಕೊಟ್ಟಿದ್ದ ನಂಬರಿಗೆ ಫೋನ್ ಮಾಡಿದೆ. ಆ ಕಡೆಯವರು ಯಾವ ಊರು ಅಂತ ಕೇಳಿದರು, ಹೇಳಿದೆ.

"ನಿಮಗ ಕಾಳಜಿ ಕೇಂದ್ರ ತೆರೆದೀವ್ರಿ. ಅಲ್ಲಿ ಊಟ ಅದ, ಡಾಕ್ಟರ್ ಅದಾರ. ಅಲ್ಲಿಗಿ ಬರ್ರಿ."

ಕಾಳಜಿ ಕೇಂದ್ರ ತೆರೆದದ್ದು ಹಳ್ಳದ ಆಚೆ ದಂಡೆಯ ಊರಿನ ಶಾಲೆಯಲ್ಲಿ.

"ಹ್ಯಾಂಗ ಬರೂದ್ರಿ? ಸೇತುವಿ ಮ್ಯಾಲೆ ಆಳೆತ್ತರ ನೀರು ಹರಿಲಾಕತ್ತದ."

"ಹಂಗಾರ ನೀರು ಇಳಿದ ಮ್ಯಾಲೆ ಬರ್ರಿ."

ಫೋನ್ ಇಟ್ಟರು. ನೀರು ಇಳಿದ ಮೇಲೆ ಕೇಂದ್ರ ನಮಗೆ ಯಾಕೆ ಬೇಕು? ನೀರು ಇರುವಾಗ ಔಷಧಿ ಬೇಕಾಗಿತ್ತು. ಕೊನೆಗೆ ಮೀನು ಹಿಡಿಯುವ ಮನೆಯ ಒಬ್ಬ ಹುಡುಗ ತೆಪ್ಪ ಹಾಕಿಕೊಂಡು ಹಳ್ಳ ದಾಟಿ ಇನ್ಸುಲಿನ್ ತಂದುಕೊಟ್ಟ. ತೆಪ್ಪ ನಡುನೀರಿನಲ್ಲಿ ಗಿರ್ರನೆ ತಿರುಗಿದಾಗ ಅವನ ತಾಯಿ ದಂಡೆಯಲ್ಲಿ ಕಿರುಚಿದ್ದು ನನ್ನ ಕಿವಿಯಲ್ಲಿ ಇನ್ನೂ ಇದೆ. ಆ ಹುಡುಗನಿಗೆ ಏನಾದರೂ ಆಗಿದ್ದರೆ ನಾನು ಆ ತಾಯಿಗೆ ಏನು ಹೇಳಬೇಕಿತ್ತು? ನಮ್ಮ ಮಾವನ ಜೀವ ಉಳಿಸಲು ಇನ್ನೊಬ್ಬರ ಮಗ ಜೀವ ಒತ್ತೆ ಇಡಬೇಕಾ?

ನೀರು ಇಳಿದ ಮೇಲೆ ಇನ್ನೊಂದು ನಡೆಯಿತು. ಆಹಾರದ ಕಿಟ್ ಹಂಚುತ್ತಾರೆ ಅಂತ ಗೊತ್ತಾಗಿ ನಮ್ಮೂರವರು ಹೋದೆವು. ಪಟ್ಟಿಯಲ್ಲಿ ನಮ್ಮ ಹೆಸರಿಲ್ಲ ಅಂದರು. ಯಾಕೆ ಅಂದರೆ, ಕಾಳಜಿ ಕೇಂದ್ರದ ರಿಜಿಸ್ಟರಿನಲ್ಲಿ ಸಹಿ ಮಾಡಿದವರೇ ಸಂತ್ರಸ್ತರಂತೆ. ನಾವು ಕೇಂದ್ರಕ್ಕೆ ಬಂದಿಲ್ಲ, ಸಹಿ ಮಾಡಿಲ್ಲ, ಹಾಗಾಗಿ ನಮಗೆ ತೊಂದರೆ ಆಗಿಲ್ಲ! ಸಾಲಿನಲ್ಲಿ ನಿಂತ ನಮ್ಮ ಅತ್ತೆ ತಮ್ಮ ಅಂಗೈ ಚಾಚಿ ಬೊಬ್ಬೆ ತೋರಿಸಿದರು. ಕೂತವರು ತಲೆ ಎತ್ತಲಿಲ್ಲ. ನನಗೆ ಅಕ್ಕಿ ಬೇಳೆ ಸಿಗಲಿಲ್ಲ ಅಂತ ಸಂಕಟ ಇಲ್ಲ. ಬರಲಾಗದ ಹಾಗೆ ಸಿಕ್ಕಿಬಿದ್ದವರನ್ನು ಬರಲಿಲ್ಲ ಅಂತ ಲೆಕ್ಕದಿಂದ ತೆಗೆದರಲ್ಲ, ಅದು ಉರಿ ಹಚ್ಚುತ್ತದೆ.

ನಿಯಮ ನಿಮಗೆ ಗೊತ್ತಿದೆ. ಬೆಳೆ ಹೋದರೆ ಎಷ್ಟು, ಮನೆ ಬಿದ್ದರೆ ಎಷ್ಟು ಅಂತ ಲೆಕ್ಕ ಇದೆ. ಮಳೆ ಆಶ್ರಿತ ಬೆಳೆಗೆ ಹೆಕ್ಟೇರಿಗೆ 8,500 ರೂಪಾಯಿ, ಅದರ ಮೇಲೆ ರಾಜ್ಯದಿಂದ ಇನ್ನೊಂದು 8,500 ಅಂತ ಆಗ ಘೋಷಣೆಯೂ ಆಯಿತು. ಬೇರು ಕೊಳೆತ ನಮ್ಮ ತೊಗರಿಗೆ ಅದು ಎಲ್ಲಿಗೆ ಸಾಕು, ಇರಲಿ. ಆದರೆ ಊರಿಗೆ ಊರೇ ಬಂದಿಯಾದರೆ ಅದಕ್ಕೆ ನಮ್ಮಲ್ಲಿಗೆ ಸರ್ವೆಗೆ ಬಂದವರ ಕಾಗದದಲ್ಲಿ ಒಂದು ಕಾಲಂ ಕೂಡ ಇರಲಿಲ್ಲ. 2005ರ ವಿಪತ್ತು ನಿರ್ವಹಣಾ ಕಾಯ್ದೆ ಪ್ರಕಾರ ಪ್ರತಿ ಜಿಲ್ಲೆಗೂ ಒಂದು ಯೋಜನೆ ಇರಬೇಕು. ಯಾವ ಊರು ಮುಳುಗುತ್ತದೆ, ಯಾವ ಊರಿನ ದಾರಿ ಕಡಿಯುತ್ತದೆ ಅಂತ ಮೊದಲೇ ಗೊತ್ತಿರಬೇಕು ಅಲ್ವಾ? 2009ರಲ್ಲಿ ನೆರೆ ಬಂತು, 2020ರ ಅಕ್ಟೋಬರ್‌ನಲ್ಲಿ ಬಂತು, 2025ರಲ್ಲಿ ಬಂತು. ಪ್ರತಿ ಸಲ ಅದೇ ಸೇತುವೆ ಮೊದಲು ಮುಳುಗಿತು. ಇನ್ನೆಷ್ಟು ಸಲ ಮುಳುಗಿದರೆ ಯೋಜನೆಯಲ್ಲಿ ಬರೆಯುತ್ತಾರೆ?

ನಮ್ಮದು ಬರದ ಸೀಮೆ, ನಿಜ. 2023ರಲ್ಲಿ ರಾಜ್ಯದ 236 ತಾಲೂಕುಗಳಲ್ಲಿ 223 ಬರಪೀಡಿತ ಅಂತ ಸರ್ಕಾರವೇ ಹೇಳಿತು. ಬೇಸಿಗೆ ಬಂದರೆ ಟ್ಯಾಂಕರ್ ಎಲ್ಲಿ ಕಳಿಸಬೇಕು ಅಂತ ಇಲ್ಲಿನ ಎಲ್ಲರಿಗೂ ಗೊತ್ತು. ಮಳೆಗಾಲಕ್ಕೆ ಬೋಟು ಎಲ್ಲಿ ಇಡಬೇಕು ಅಂತ ಯಾರಿಗೂ ಗೊತ್ತಿಲ್ಲ. ಒಣ ಜಿಲ್ಲೆಗೆ ಬೋಟು ಯಾಕೆ ಅಂತ ಕೇಳಿದವರನ್ನು ನಾನೇ ನೋಡಿದ್ದೇನೆ. ಭೀಮೆ ನಮ್ಮ ಜಿಲ್ಲೆಯ ಮಳೆ ನೋಡಿ ಬರುವುದಿಲ್ಲ, ಪುಣೆ ಸೊಲ್ಲಾಪುರದ ಮಳೆ ನೋಡಿ ಬರುತ್ತಾಳೆ. ಅದೂ ಹೇಳದೆ ಕೇಳದೆ ಬರುವುದಿಲ್ಲ. ಉಜನಿಯಲ್ಲಿ ಎಷ್ಟು ನೀರು ಬಿಟ್ಟರು, ಭೀಮೆಗೆ ಕಟ್ಟಿದ ಸೊನ್ನ ಬ್ಯಾರೇಜಿನಿಂದ ಎಷ್ಟು ಹರಿಯುತ್ತಿದೆ ಅಂತ ಮುಂಚೆಯೇ ತಿಳಿಯುತ್ತದೆ. ಆ ಸಮಯದಲ್ಲಿ ವಯಸ್ಸಾದವರು, ಬಾಣಂತಿಯರು, ದಿನಾ ಔಷಧಿ ಬೇಕಾದವರನ್ನು ಆಚೆ ದಂಡೆಗೆ ಕರೆದುಕೊಂಡು ಹೋಗಬಹುದಿತ್ತು. ನಮ್ಮೂರಿಗೆ ಬಂದದ್ದು ಡಂಗುರ ಮಾತ್ರ, "ನದಿ ಕಡೆ ಹೋಗಬ್ಯಾಡ್ರಿ" ಅಂತ. ನದಿಯೇ ನಮ್ಮ ಕಡೆ ಬರುತ್ತಿತ್ತು.

ಊರನ್ನೇ ಸ್ಥಳಾಂತರ ಮಾಡೋಣ ಅಂತ ಒಮ್ಮೆ ಮಾತು ಬಂದಿತ್ತು. ದಯವಿಟ್ಟು ಆ ಮಾತು ಈಗ ತರಬೇಡಿ. ನಮ್ಮ ಮನೆಗಳಿಗೆ ನೀರು ಬಂದಿಲ್ಲ, ನಮ್ಮ ದಾರಿಗೆ ಬಂದಿದೆ. ಸೇತುವೆ ಎತ್ತರ ಮಾಡಿಸಿದರೆ ನಾವು ಇಲ್ಲೇ ಬದುಕುತ್ತೇವೆ.

ದುಡ್ಡಿಲ್ಲ ಅಂತ ಮಾತ್ರ ಹೇಳಬೇಡಿ. ನಮ್ಮ ಭಾಗಕ್ಕೆ ವಿಶೇಷ ಸ್ಥಾನಮಾನ ಕೊಡುವ ಸಂವಿಧಾನದ 371ಜೆ ವಿಧಿ ಇದೆ, ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿ ಇದೆ. ಬಜೆಟ್ ಬಂದಾಗ ಮಂಡಳಿಗೆ 5,000 ಕೋಟಿ ರೂಪಾಯಿ ಅಂತ ಪೇಪರಿನಲ್ಲಿ ಓದಿದ್ದೇವೆ. ಅದರಲ್ಲಿ ಒಂದು ಹಳ್ಳದ ಸೇತುವೆಗೆ ಜಾಗ ಇಲ್ಲವಾ? ಬಣ್ಣಕ್ಕೆ ಹಣ ಎಲ್ಲಿಂದ ಬಂತೋ ಅಲ್ಲೇ ಹುಡುಕಿಸಿ.

ಮಳೆಗಾಲದೊಳಗೆ ಸೇತುವೆ ಕಟ್ಟಿ ಮುಗಿಯುವುದಿಲ್ಲ ಅಂತ ನಮಗೂ ಗೊತ್ತು. ಈಗ ಹಳ್ಳ ಒಣಗಿದೆ, ಪಾಯ ತೆಗೆಯಲು ಇದೇ ಸಮಯ, ಶುರು ಮಾಡಿಸಿ. ಕೆಲಸ ಮುಗಿಯುವ ತನಕ ಒಂದು ಬೋಟು, ಅದನ್ನು ನಡೆಸಲು ಬರುವ ಇಬ್ಬರು, ಬೋರಿಗೂ ಗಿರಣಿಗೂ ಆಗುವ ಒಂದು ಜನರೇಟರ್ ನಮ್ಮೂರಿನ ದಂಡೆಯಲ್ಲೇ ಇರಲಿ. ಆಚೆ ದಂಡೆಯಲ್ಲಿ ಬೇಡ. ಊರಿನ ಆಶಾ ಕಾರ್ಯಕರ್ತೆಗೆ ಯಾರ ಮನೆಯಲ್ಲಿ ಯಾವ ಔಷಧಿ ಅಂತ ಎಲ್ಲಾ ಗೊತ್ತು, ಜೂನ್‌ಗೆ ಮೊದಲೇ ಅವರ ಕೈಗೆ ದಾಸ್ತಾನು ಕೊಡಿಸಿ. ಇವೆಲ್ಲ ಸೇತುವೆ ಆಗುವ ತನಕ ಮಾತ್ರ, ಸೇತುವೆ ಬದಲಿಗೆ ಅಲ್ಲ. ಬೋಟು ಕೊಟ್ಟೆವಲ್ಲ ಅಂತ ನಾಳೆ ಹೇಳಬಾರದು.

ಪರಿಶೀಲಿಸುತ್ತೇವೆ ಅನ್ನುವ ಉತ್ತರ ನಮ್ಮ ಟ್ರಂಕಿನಲ್ಲಿ ಸಾಕಷ್ಟಿದೆ, ಇನ್ನೊಂದು ಕಳಿಸಬೇಡಿ. ಯಾವ ಹಣದಿಂದ ಕಟ್ಟಿಸುತ್ತೀರಿ, ಯಾವ ತಿಂಗಳು ಟೆಂಡರ್, 2025ರ ನೀರಿನ ಮಟ್ಟಕ್ಕಿಂತ ಎಷ್ಟು ಮೇಲೆ ಕಟ್ಟುತ್ತೀರಿ, ಇಷ್ಟು ಬರೆದು ನಮ್ಮ ಪಂಚಾಯ್ತಿ ಬೋರ್ಡಿಗೆ ಅಂಟಿಸಿ. ಆ ಮಟ್ಟದ ಗುರುತು ಆಂಜನೇಯ ಗುಡಿ ಕಟ್ಟೆ ಮೇಲೆ ಇದೆ, ನಿಮ್ಮ ಇಂಜಿನಿಯರ್ ಬಂದರೆ ನಾವೇ ತೋರಿಸುತ್ತೇವೆ.

ಸಾಹೇಬರೇ, ಸೇತುವೆ ಎತ್ತರ ಮಾಡಿಸಿ.

ಇಂತಿ,
ಭೀಮಾ ದಂಡೆಯ ಒಬ್ಬ ರೈತ ಮಹಿಳೆ
ಕಲಬುರಗಿ ಜಿಲ್ಲೆ