ಚೆಲ್ಲಿದ್ದು ನಂದು, ಸೋರಿದ್ದು ರೈತಂದು

ದೋಸ್ತ,

ಮೊನ್ನೆ ರಾತ್ರಿ ಫೋನಿನಲ್ಲಿ ನೀನು ಅಂದ ಮಾತು ಇನ್ನೂ ಕಿವಿಯಲ್ಲೇ ಇದೆ. 'ದೇವರು ಯಾವಾಗಲೂ ಗೆದ್ದವರ ಪಾರ್ಟೀನೇ ಬಿಡು' ಅಂದೆ. ಅಂಗಡಿ ಮುಚ್ಚಿತು, ಸಾಲ ಉಳಿಯಿತು, ಇಷ್ಟು ವರ್ಷ ಕೈ ಮುಗಿದಿದ್ದಕ್ಕೆ ಸಿಕ್ಕಿದ್ದೇನು ಅಂದೆ. ಗೆದ್ದವರ ಲಿಸ್ಟಿನಲ್ಲಿ ನನ್ನನ್ನೂ ಸೇರಿಸಿದ್ದೀ ಅಂತ ನನಗೆ ಗೊತ್ತಾಯಿತು. ಹೂಂ ಹೂಂ ಅಂತ ಫೋನ್ ಇಟ್ಟೆ. ಬಾಯಲ್ಲಿ ಹೇಳಹೊರಟರೆ ನೀನು ನಡುವೆ ಬಾಯಿ ಹಾಕುತ್ತೀ, ಅದಕ್ಕೇ ಬರೆಯುತ್ತಿದ್ದೇನೆ.

ಮೊದಲು ನನ್ನ ಭಕ್ತಿಯ ಕಥೆ ಕೇಳು. ಹೋದ ವರ್ಷ ಒಂದು ಊರಿನ ಜಾತ್ರೆಗೆ, ದಾಸೋಹಕ್ಕೆ ಅಂತ ಐದು ಚೀಲ ತೊಗರಿ ಬೇಳೆ ಕಳಿಸಿದೆ. ಗುಡಿ ಮುಂದೆ ದಾನಿಗಳ ಹೆಸರಿನ ಫ್ಲೆಕ್ಸ್ ಕಟ್ಟಿದ್ದರು. ನನ್ನ ಹೆಸರು ಕೆಳಗೆ, ಮೂಲೆಯಲ್ಲಿ, ಅದೂ ತಪ್ಪು ಅಕ್ಷರದಲ್ಲಿ. ಎರಡೇ ಚೀಲ ಕೊಟ್ಟವನ ಫೋಟೋ ಮೇಲೆ! ನಾನು ಕೊಟ್ಟ ಬೇಳೆ ಅವತ್ತೇ ಕುದ್ದು, ಸಾರಾಗಿ, ಜನರ ಹೊಟ್ಟೆ ಸೇರಿತು. ನಾನು ಮಾತ್ರ ಮೂರು ದಿನ ಕುದಿಯುತ್ತಲೇ ಇದ್ದೆ. ಇದನ್ನು ಮನೆಯಲ್ಲೂ ಹೇಳಿಲ್ಲ, ನಿನಗೇ ಮೊದಲು.

ಈಗ ಗಂಜಿನ ಮಾತು, ನಮ್ಮ ಕಲಬುರಗಿಯ ಕಾಳಿನ ಮಾರುಕಟ್ಟೆಯದು. ತೊಗರಿ ಸೀಸನ್ನಿನಲ್ಲಿ ನಮ್ಮ ಗಂಜ್ ಹೇಗಿರುತ್ತೆ ಅಂತ ನಿನಗೆ ಗೊತ್ತೇ ಇದೆ. ಟ್ರ್ಯಾಕ್ಟರ್, ಟಂಟಂ, ಹಮಾಲರ ಕೂಗು, ಮೂಗಿನ ತುಂಬ ಧೂಳು. 2019ರಲ್ಲಿ ನಮ್ಮ ತೊಗರಿಗೆ ಜಿಐ ಟ್ಯಾಗ್, ಅಂದರೆ ಈ ನೆಲದ್ದೇ ಬೆಳೆ ಅನ್ನೋ ಸರ್ಕಾರಿ ಗುರುತು, ಬಂದ ಮೇಲೆ ಮಾತು ಜಾಸ್ತಿಯಾಗಿದೆ, ಧೂಳೇನೂ ಕಡಿಮೆ ಆಗಿಲ್ಲ. ಈ ಗದ್ದಲದ ನಡುವೆ ಒಬ್ಬ ಆಯಿ ಬರುತ್ತಾಳೆ. ಕೈಯಲ್ಲಿ ಒಂದು ಕಸಬರಿಗೆ, ಬಗಲಲ್ಲಿ ಕಾಳು ಕೇರುವ ಒಂದು ಮರ. ಚೀಲ ಇಳಿಸುವಾಗ, ತೂಗುವಾಗ ನೆಲಕ್ಕೆ ಬಿದ್ದ ಕಾಳು ಗುಡಿಸಿ, ಕೇರಿ, ಕಲ್ಲು ಆರಿಸಿ ಒಯ್ಯುತ್ತಾಳೆ. ಅದೇ ಅವಳ ದುಡಿಮೆ. ಕಸಬರಿಗೆ ನೆಲಕ್ಕೆ ಹಚ್ಚುವ ಮೊದಲು ನೆಲ ಮುಟ್ಟಿ ಹಣೆಗೆ ಒತ್ತಿಕೊಂಡು 'ಶರಣಬಸಪ್ಪಾ, ಇವತ್ತಿಂದು ಇವತ್ತಿಗೆ' ಅನ್ನುತ್ತಾಳೆ. ಅಷ್ಟೇ ಅವಳ ಪೂಜೆ.

ಒಂದು ದಿನ ನಮ್ಮ ಅಂಗಡಿ ಮುಂದೆ ಚೀಲವೊಂದರ ಮೂಲೆ ಹರಿದು ಕಾಳು ಸುರಿಯಿತು. ಮೂರು ಕಿಲೋ ಇರಬಹುದು. ನಾನು ಲೆಕ್ಕದ ಪುಸ್ತಕದಿಂದ ತಲೆ ಎತ್ತಿ, 'ಆಯಿ, ಎಲ್ಲಾ ಬಳಕೊಂಡು ಹೋಗು' ಅಂದೆ. ದೊಡ್ಡ ಮನುಷ್ಯ ಅಲ್ವಾ ನಾನು! ಅವಳು ಕೂತು ಎಲ್ಲ ಬಳಿದಳು. ಮರಕ್ಕೆ ಹಾಕಿ ಕೇರಿದಳು. ಮಣ್ಣು ಹಾರಿತು, ಕಾಳು ಉಳಿಯಿತು. ಆಮೇಲೆ ಎದ್ದು ಬಂದು ಅಷ್ಟನ್ನೂ ಅದೇ ಚೀಲಕ್ಕೆ ಸುರಿದಳು. ಯಾಕೆ ಅಂತ ಕೇಳಿದೆ.

'ಚೆಲ್ಲಿದ್ದು ನಂದು ಯಪ್ಪಾ. ಸೋರಿದ್ದು ರೈತಂದು.'

'ಮೂರು ಕಿಲೋಕ್ಕೆ ರೈತ ಏನೂ ಬಡವ ಆಗಲ್ಲ ಬಿಡು' ಅಂದೆ.

'ಅಂವಾನೂ ನನ್ನಂಗ ದೇವರ ಮ್ಯಾಲ ಭಾರ ಹಾಕಿ ಬಿತ್ತ್ಯಾನ' ಅಂದಳು. ಅಂದು, ದಬ್ಬಣ ಸುತಳಿ ಕೇಳಿ ಇಸಿದುಕೊಂಡು ಚೀಲದ ಹರಿದ ಮೂಲೆ ತಾನೇ ಹೊಲಿದಳು.

ನೋಡು, ಆ ಕಾಳು ನಂದೂ ಅಲ್ಲ. ನಾನು ಅಡತಿಯವನು, ನಡುವಿನವನು. ಇನ್ನೊಬ್ಬರ ತೊಗರಿ ದಾನ ಮಾಡಿ ದೊಡ್ಡವನಾಗಲು ಹೋಗಿದ್ದೆ. ಅವಳು ಅದನ್ನು ಬಾಯಿ ಬಿಟ್ಟು ಹೇಳಲಿಲ್ಲ, ಪುಣ್ಯ.

ಅವತ್ತು ರಾತ್ರಿ ನೆನಪಾದದ್ದು ನಮ್ಮ ಆಯ್ದಕ್ಕಿ ಲಕ್ಕಮ್ಮ. ಬಸವಕಲ್ಯಾಣಕ್ಕೆ ಹೋದವರೆಲ್ಲ 108 ಅಡಿ ಎತ್ತರದ ಬಸವಣ್ಣನ ಮೂರ್ತಿ ಮುಂದೆ ಫೋಟೋ ಹೊಡೆಸಿಕೊಳ್ಳುತ್ತಾರೆ. ನಾನೂ ಹೊಡೆಸಿಕೊಂಡಿದ್ದೇನೆ, ಎತ್ತರದ್ದೇ ಕಣ್ಣಿಗೆ ಬೀಳುತ್ತೆ, ಏನು ಮಾಡೋದು. ಆದರೆ ಅದೇ ಕಲ್ಯಾಣದಲ್ಲಿ ಹನ್ನೆರಡನೆಯ ಶತಮಾನದಲ್ಲಿ ಲಕ್ಕಮ್ಮ, ಅವಳ ಗಂಡ ಮಾರಯ್ಯ ಇಬ್ಬರೂ ನೆಲಕ್ಕೆ ಬಿದ್ದ ಅಕ್ಕಿ ಆಯ್ದು ಬದುಕಿದರು, ಅದರಲ್ಲೇ ದಾಸೋಹ ಮಾಡಿದರು. ಬಸವಣ್ಣ ರಾಜ ಬಿಜ್ಜಳನ ಭಂಡಾರಿ, ಅವರ ಮಹಾಮನೆಯಲ್ಲಿ ಅಕ್ಕಿಗೇನು ಕೊರತೆ? ಒಂದು ದಿನ ಮಾರಯ್ಯ ದಿನಕ್ಕಿಂತ ಜಾಸ್ತಿ ಅಕ್ಕಿ ತಂದ. ಬಸವಣ್ಣನವರೇ ಬೇಕಂತ ಹೆಚ್ಚು ಚೆಲ್ಲಿಸಿದ್ದರು ಅಂತಾನೂ ಹೇಳುತ್ತಾರೆ. ಲಕ್ಕಮ್ಮ ಅದನ್ನು ನೋಡಿ, ಇಷ್ಟೊಂದು ಅಕ್ಕಿಯ ಆಸೆ ನಿಮಗೇಕೆ ಬಂತು, ಆಸೆ ಅರಸರಿಗಿರಲಿ, ಇದನ್ನು ಈಶ್ವರ ಒಪ್ಪುವುದಿಲ್ಲ, ಹೋಗಿ ಅಲ್ಲೇ ಸುರಿದು ಬನ್ನಿ ಅಂದಳು.

ಈ ಕಥೆ ನಾವು ಶಾಲೆಯಲ್ಲೇ ಓದಿದ್ದು. ಬಡವಿಯ ದೊಡ್ಡತನ ಅಂತ ಬರೆದು ಮಾರ್ಕ್ಸ್ ತೆಗೆದುಕೊಂಡೆವು. ಆ ಹೆಂಗಸಿನ ಧೈರ್ಯ ಆಗ ಗೊತ್ತಾಗಲಿಲ್ಲ. ನಾಳೆಗೆ ಅಕ್ಕಿ ಇಲ್ಲದ ಮನೆಯಲ್ಲಿ ನಿಂತು ಅಕ್ಕಿ ವಾಪಸ್ ಕಳಿಸಬೇಕಾದರೆ, ನಾಳೆಯನ್ನು ನೋಡಿಕೊಳ್ಳುವವನು ಒಬ್ಬನಿದ್ದಾನೆ ಅನ್ನೋದು ಎಷ್ಟು ಗಟ್ಟಿ ಇರಬೇಕು! ನಾನು ಐದು ಚೀಲ ಕಳಿಸಿದ್ದು ನನ್ನ ಗೋಡೌನ್ ತುಂಬಿದ್ದಾಗ.

ದೇವರು ಗೆದ್ದವರ ಪಾರ್ಟಿ ಅಂದೆಯಲ್ಲ, ನಮ್ಮ ಊರನ್ನೇ ನೋಡು. ಬಹಮನಿ ಸುಲ್ತಾನ ಫಿರೋಜ್ ಶಾ, ಸೂಫಿ ಸಂತ ಖ್ವಾಜಾ ಬಂದೇ ನವಾಜ್, ಇಬ್ಬರೂ ತೀರಿಕೊಂಡದ್ದು 1422ರಲ್ಲೇ. ಇಬ್ಬರ ನಡುವೆ ಮನಸ್ತಾಪ ಬಂದು ಖ್ವಾಜಾ ಕೋಟೆ ಹತ್ತಿರದ ಜಾಗ ಬಿಡಬೇಕಾಯಿತು. ಸುಲ್ತಾನರ ಗೋರಿಗಳಿರುವ ಹಫ್ತ್ ಗುಂಬಜ್‌ನಲ್ಲಿ ಎಲ್ಲಕ್ಕಿಂತ ದೊಡ್ಡದು ಫಿರೋಜ್ ಶಾನದ್ದು, ಅಲ್ಲಿಗೆ ಜನ ಫೋಟೋಕ್ಕೆ ಹೋಗುತ್ತಾರೆ. ಚಾದರ್ ಹಿಡಿದು ಹೋಗೋದು ಖ್ವಾಜಾರ ದರ್ಗಾಕ್ಕೆ. 'ಜನ ಸೇರೋದೂ ಒಂದು ಗೆಲುವೇ ಅಲ್ವಾ' ಅಂತ ನೀನು ಕೇಳುತ್ತೀ. ಹೌದು, ಆ ಮಾತಿಗೆ ನನ್ನಲ್ಲಿ ಉತ್ತರ ಇಲ್ಲ, ಬಿಟ್ಟುಬಿಡು.

ಇನ್ನೊಂದು. ನೀನು ಸೋತಿದ್ದೀ, ಅದಕ್ಕೇ ದೇವರಿಗೆ ಹತ್ತಿರ ಅಂತ ನಾನು ಹೇಳುತ್ತಿಲ್ಲ. ಅದು ಸುಮ್ನೆ ಸಮಾಧಾನದ ಮಾತು, ಕೇಳಿದರೆ ಹೊಟ್ಟೆ ಉರಿಯುತ್ತೆ. ಸೋತು ಸೊಕ್ಕು ಬೆಳೆಸಿಕೊಂಡವರನ್ನೂ ನೋಡಿದ್ದೇನೆ. ಆದರೆ ನೀನು ಅಂಗಡಿ ಮುಚ್ಚುವ ಕೊನೆಯ ದಿನ, ಕೆಲಸದ ಹುಡುಗರಿಬ್ಬರ ಪಗಾರ ಮೊದಲು ಕೊಟ್ಟು ಆಮೇಲೆ ಶಟರ್ ಎಳೆದೆ. ಅದನ್ನು ನೀನು ಹೇಳಲಿಲ್ಲ. ಆ ಹುಡುಗರಲ್ಲಿ ಒಬ್ಬ ಇಲ್ಲಿಗೆ ಬಂದಾಗ ಹೇಳಿದ. ನೀನು ದೇವರ ಜೊತೆ ಜಗಳ ಮಾಡುವಾಗ ಆ ಲೆಕ್ಕ ಯಾಕೆ ತೆಗೆಯಲಿಲ್ಲ? ನೀನು ಮರೆತೇಬಿಟ್ಟಿದ್ದೆ ಅನ್ನಿಸುತ್ತೆ. ನಾನಾಗಿದ್ದರೆ ಫ್ಲೆಕ್ಸ್ ಹಾಕಿಸುತ್ತಿದ್ದೆ.

ಹೋಳಿ ಹುಣ್ಣಿಮೆ ಆಗಿ ಐದನೇ ದಿನ ಶರಣಬಸವೇಶ್ವರರ ತೇರು. ಬಾ. ಸಾಲದ ಮಾತೂ ಆಡೋಣ, ನನ್ನಿಂದ ಆಗೋದು ಏನಿದೆ ಅಂತ ಮುಚ್ಚುಮರೆ ಇಲ್ಲದೆ ಹೇಳುತ್ತೇನೆ. ತೇರಿನ ಮರುದಿನ ಗಂಜಿಗೆ ಕರೆದುಕೊಂಡು ಹೋಗುತ್ತೇನೆ. ಬೇಗ ಏಳಬೇಕಾಗುತ್ತೆ. ಬಿಸಿಲೇರಿದ ಮೇಲೆ ಆಯಿ ಸಿಗೋದಿಲ್ಲ.

ನಿನ್ನ,
ಫ್ಲೆಕ್ಸಿನ ಮೂಲೆಯವನು