ಫೆಬ್ರವರಿಯಿಂದ ಮೇವರೆಗೆ ಹೊಸ ಆರ್ಡರ್ ಇಲ್ಲ: ನಮ್ಮ ಗ್ರಾಹಕರಿಗೆ ಒಂದು ಪತ್ರ

ಆತ್ಮೀಯರೇ, ನಮಸ್ಕಾರ.

ವಿಷಯ ಮೊದಲೇ ಹೇಳಿಬಿಡುತ್ತೇವೆ. ಇನ್ನು ಮುಂದೆ ಪ್ರತಿ ವರ್ಷ ಫೆಬ್ರವರಿ 1ರಿಂದ ಮೇ 31ರವರೆಗೆ ಲಿನೋ ಹಾಳೆ ಕೆತ್ತಿ ಚಿತ್ರಗಳನ್ನು ಅಚ್ಚು ಹಾಕುವ ನಮ್ಮ ಬಳಗ ಹೊಸ ಆರ್ಡರ್ ತೆಗೆದುಕೊಳ್ಳುವುದಿಲ್ಲ. ಅಂಗಡಿ ಪೂರ್ತಿ ಮುಚ್ಚಿರುವುದಿಲ್ಲ, ಗಾಬರಿ ಬೇಡ. ಅಚ್ಚಾಗಿ ಸಿದ್ಧವಿರುವ ಚಿತ್ರಗಳು ಆಗಲೂ ಸಿಗುತ್ತವೆ. ಆದರೆ "ನಮಗೆ ಬೇಕಾದ ಹಾಗೆ ಒಂದು ಮಾಡಿಕೊಡಿ" ಎನ್ನುವ ಕೆಲಸವನ್ನು ಜೂನ್‌ನಿಂದ ಜನವರಿವರೆಗೆ ಮಾತ್ರ ಒಪ್ಪಿಕೊಳ್ಳುತ್ತೇವೆ. ಇದಕ್ಕೆ ಒಂದು ವಿನಾಯಿತಿ ಇದೆ. ಅದು ಹಳೇ ಮನೆಗಳ ವಿಷಯ, ಮುಂದೆ ಬರುತ್ತದೆ.

ಬಾಗಿಲಿಗೆ ಬೋರ್ಡ್ ತಗುಲಿಸಿ ಸುಮ್ನಿರಬಹುದಿತ್ತು. ಆದರೆ ನಿಮ್ಮಲ್ಲಿ ಬಹಳ ಜನ ವರ್ಷಗಳಿಂದ ನಮ್ಮಲ್ಲಿ ಕೊಳ್ಳುತ್ತಿರುವವರು. ಮಗಳ ಮದುವೆಗೆ, ತಮ್ಮನ ಗೃಹಪ್ರವೇಶಕ್ಕೆ, ಆಫೀಸಿನಲ್ಲಿ ಯಾರೋ ನಿವೃತ್ತರಾದರೆ ಅದಕ್ಕೂ ನಮ್ಮ ಚಿತ್ರವನ್ನೇ ಒಯ್ದಿದ್ದೀರಿ. ನಿಮಗೆ ಕಾರಣ ಹೇಳಲೇಬೇಕು.

ಬಳಗದಲ್ಲಿ ಏಳು ಜನ ಇದ್ದೇವೆ. ಒಬ್ಬರು ಶಾಲೆಯಲ್ಲಿ ಡ್ರಾಯಿಂಗ್ ಮೇಷ್ಟ್ರು. ಒಬ್ಬರು ಎಚ್‌ಎಂಟಿಯಲ್ಲಿ ದುಡಿದು ನಿವೃತ್ತರಾದವರು, ಅವರಷ್ಟು ಸಣ್ಣ ಗೆರೆ ಕೆತ್ತುವ ಕೈ ನಮ್ಮಲ್ಲಿ ಬೇರೆ ಯಾರದ್ದೂ ಇಲ್ಲ. ಒಬ್ಬಳಿಗೆ ಸಾಫ್ಟ್‌ವೇರ್ ಕೆಲಸ, ಶಿಫ್ಟ್ ಯಾವಾಗ ಬದಲಾಗುತ್ತದೋ ಅವಳಿಗೇ ಗೊತ್ತಿಲ್ಲ. ಇಬ್ಬರಿಗೆ ಈ ಚಿತ್ರಗಳೇ ಸಂಪಾದನೆ. ಇನ್ನಿಬ್ಬರು ಮನೆ ನೋಡಿಕೊಂಡು ಕೆತ್ತುವವರು: ಡಬ್ಬಿ ಕಟ್ಟಿ, ಮಕ್ಕಳನ್ನು ವ್ಯಾನ್ ಹತ್ತಿಸಿ, ಅತ್ತೆಗೆ ಮಾತ್ರೆ ಕೊಟ್ಟು, ಕಾವೇರಿ ನೀರು ಬರುವ ದಿನವಾದರೆ ಸಂಪು ತುಂಬುವ ತನಕ ಕಾದು, ಆಮೇಲೆ ಉಳಿ ಹಿಡಿಯುತ್ತಾರೆ. ಹೀಗಿದ್ದೂ ಕೆಲಸ ನಡೆದುಕೊಂಡೇ ಬಂದಿದೆ. ಸಿಕ್ಕಿಹಾಕಿಕೊಳ್ಳುವುದು ವರ್ಷದ ಒಂದು ಭಾಗದಲ್ಲಿ ಮಾತ್ರ.

ಯಾವ ಭಾಗ ಅಂತ ಪಂಚಾಂಗ ಬಿಡಿಸಿದರೆ ಗೊತ್ತಾಗುತ್ತದೆ. ಧನುರ್ಮಾಸ ಕಳೆದು ಸಂಕ್ರಾಂತಿ ಆದಮೇಲೆ ಮುಹೂರ್ತಗಳು ಶುರು. ಮಾಘದಿಂದ ಜ್ಯೇಷ್ಠದವರೆಗೆ ಮದುವೆ, ಗೃಹಪ್ರವೇಶ, ಉಪನಯನ. ಉಡುಗೊರೆ ಆರ್ಡರ್‌ಗಳು ಬಂದು ಬೀಳುವುದು ಆಗಲೇ. ಆಷಾಢ ಬಂತೋ, ಫೋನ್ ತಣ್ಣಗಾಗುತ್ತದೆ. ಅದೇ ಫೆಬ್ರವರಿ, ಮಾರ್ಚ್‌ನಲ್ಲಿ ಮಕ್ಕಳ ಪರೀಕ್ಷೆ. ಮೇಷ್ಟ್ರಿಗಂತೂ ಪರೀಕ್ಷೆ ಡ್ಯೂಟಿ ಬೇರೆ. ಮನೆಯಲ್ಲಿ ಎಸ್‌ಎಸ್‌ಎಲ್‌ಸಿ ಓದುವ ಮಗು ಇದ್ದರೆ ರಾತ್ರಿ ಹಾಲ್‌ನಲ್ಲಿ ಲಿನೋ ಹಾಸಿಕೊಂಡು ಕೂರುವುದಕ್ಕೆ ಆಗುವುದಿಲ್ಲ. ಯಾಕೆಂದು ಮಕ್ಕಳನ್ನು ಓದಿಸಿದ ಎಲ್ಲರಿಗೂ ಗೊತ್ತು.

ಇನ್ನೊಂದು ಕಾರಣ ಮರಗಳು. ನಮ್ಮ ಚಿತ್ರಗಳಲ್ಲಿ ಜಾಸ್ತಿ ಇರುವುದು ಬೆಂಗಳೂರಿನ ಹೂಮರಗಳು, ನೀವು ಜಾಸ್ತಿ ಕೊಳ್ಳುವುದೂ ಅವನ್ನೇ. ಈ ಊರಿನ ಮರಗಳು ಹೂಬಿಡುವುದಕ್ಕೂ ಒಂದು ಲೆಕ್ಕ ಇದೆ. 1908ರಲ್ಲಿ ಇಲ್ಲಿಗೆ ಬಂದು ಲಾಲ್‌ಬಾಗ್ ನೋಡಿಕೊಂಡ ಜರ್ಮನಿಯ ಕೃಂಬಿಗಲ್ ಅವರು, ಒಂದು ಜಾತಿಯ ಹೂವು ಉದುರುವ ಹೊತ್ತಿಗೆ ಇನ್ನೊಂದು ಜಾತಿ ಅರಳಬೇಕು ಅನ್ನುವ ಹಾಗೆ ಸಾಲುಮರಗಳನ್ನು ಆರಿಸಿದರು. ವರ್ಷವಿಡೀ ಎಲ್ಲಾದರೂ ಹೂವು ಕಾಣಲಿ ಅಂತ. ಆದರೂ ದೊಡ್ಡ ಮೆರವಣಿಗೆ ಇರುವುದು ಬೇಸಿಗೆಯಲ್ಲೇ. ಮೊದಲು ಗುಲಾಬಿ ಬಣ್ಣದ ಟಬೆಬುಯಾ, ಹಿಂದೆಯೇ ಹಳದಿಯದು. ಆಮೇಲೆ ನೀಲಿ ಜಕರಂಡ. ಯುಗಾದಿ ಹೊತ್ತಿಗೆ ಹೊಂಗೆ ಚಿಗುರು. ಏಪ್ರಿಲ್, ಮೇ ತಿಂಗಳಲ್ಲಿ ಗುಲ್‌ಮೊಹರ್, ಕಕ್ಕೆ.

ಯಾವುದೂ ನಮಗೋಸ್ಕರ ಕಾಯುವುದಿಲ್ಲ. ಹಳದಿ ಟಬೆಬುಯಾ ಮೈತುಂಬ ಹೂಬಿಟ್ಟರೆ ನೋಡಲು ಸಿಗುವುದು ಕೆಲವೇ ದಿನ. ಏಪ್ರಿಲ್‌ನಲ್ಲಿ ಒಂದು ಸಂಜೆ ಆಲಿಕಲ್ಲು ಮಳೆ ಬಿದ್ದರೆ ಗುಲ್‌ಮೊಹರ್ ಅರ್ಧ ರಸ್ತೆಯ ಮೇಲಿರುತ್ತದೆ. ಫೋಟೋ ತೆಗೆದು ಆಮೇಲೆ ಬಿಡಿಸಬಹುದಲ್ವಾ ಅಂತ ಕೇಳುತ್ತೀರಿ. ಬಿಡಿಸಬಹುದು. ಆದರೆ ಫೋಟೋ ನೋಡಿ ಮಾಡಿದ ಮರಕ್ಕೂ ಕೆಳಗೆ ಕೂತು ಗೆರೆ ಹಾಕಿದ ಮರಕ್ಕೂ ಇರುವ ವ್ಯತ್ಯಾಸ ನಿಮಗೇ ಕಾಣುತ್ತದೆ. ಕೊಂಬೆ ಯಾವ ಕಡೆ ತೂಗುತ್ತದೆ, ಎಲ್ಲಿ ಕೇಬಲ್ ಎಳೆದು ಅದನ್ನು ಕತ್ತರಿಸಿದ್ದಾರೆ, ಕೆಳಗೆ ಎಳನೀರಿನವರು ಗಾಡಿ ಎಲ್ಲಿ ನಿಲ್ಲಿಸುತ್ತಾರೆ, ಇವೆಲ್ಲ ಕೂತು ನೋಡಿದವರಿಗೆ ಸಿಗುವುದು. ಇತ್ತೀಚಿನ ವರ್ಷಗಳಲ್ಲಿ ಹೂವಿನ ಕಾಲದಲ್ಲಿ ನಾವು ಎಲ್ಲಿರುತ್ತಿದ್ದೆವು? ಒಳಗೆ ಕೂತು ಹೋದ ವರ್ಷದ ಹೂವನ್ನು ಪ್ಯಾಕ್ ಮಾಡುತ್ತಿದ್ದೆವು.

ಕೆಲಸ ಹೇಗೆ ನಡೆಯುತ್ತದೆ ಅಂತ ಸ್ವಲ್ಪ ಹೇಳಿದರೆ ಉಳಿದದ್ದು ಸುಲಭವಾಗಿ ಅರ್ಥವಾಗುತ್ತದೆ. ನಮ್ಮದು ಲಿನೋ ಅಚ್ಚು. ಲಿನೋ ಹಾಳೆ ಅಂದರೆ ಅಗಸೆ ಎಣ್ಣೆ, ಕಾರ್ಕ್ ಪುಡಿ ಎಲ್ಲ ಸೇರಿಸಿ ಸೆಣಬಿನ ಬಟ್ಟೆಯ ಮೇಲೆ ಹಾಸಿದ್ದು. ಡಿಸೆಂಬರ್ ಚಳಿಗೆ ಗಟ್ಟಿಯಾಗುತ್ತದೆ, ಕೆತ್ತುವ ಮುಂಚೆ ಬಿಸಿಲಿಗೆ ಇಡಬೇಕು. ಚಿತ್ರವನ್ನು ಕನ್ನಡಿಯಲ್ಲಿ ಕಂಡ ಹಾಗೆ ತಿರುಗಿಸಿ ಕೆತ್ತಬೇಕು. ಬಣ್ಣಕ್ಕೆ ನಾವು ಬಳಸುವ ಕ್ರಮ ಹೀಗಿದೆ: ಮೊದಲು ತಿಳಿ ಬಣ್ಣ ಹಚ್ಚಿ ಎಲ್ಲ ಹಾಳೆಗಳನ್ನೂ ಅಚ್ಚು ಹಾಕುತ್ತೇವೆ. ಆಮೇಲೆ ಅದೇ ಲಿನೋವನ್ನು ಇನ್ನಷ್ಟು ಕೆತ್ತಿ, ಅದೇ ಹಾಳೆಗಳ ಮೇಲೆ ಮುಂದಿನ ಗಾಢ ಬಣ್ಣ. ಹೀಗೆ ನಾಲ್ಕೈದು ಸಲ. ಕೊನೆಯ ಬಣ್ಣ ಬೀಳುವ ಹೊತ್ತಿಗೆ ಲಿನೋದಲ್ಲಿ ಉಳಿದಿರುವುದು ಒಂದಿಷ್ಟು ಗೆರೆ ಮಾತ್ರ. ಮೊದಲನೇ ಬಣ್ಣಕ್ಕೆ ವಾಪಸ್ ಹೋಗುವ ದಾರಿಯೇ ಇಲ್ಲ. ಚಿತ್ರದ ಕೆಳಗೆ ಪೆನ್ಸಿಲ್‌ನಲ್ಲಿ 12/40 ಅಂತ ಬರೆದಿರುತ್ತದಲ್ಲ, ಅದರ ಅರ್ಥ ಇಷ್ಟೇ: ನಲವತ್ತರಲ್ಲಿ ಹನ್ನೆರಡನೆಯದು, ನಲವತ್ತೊಂದನೆಯದು ಇಲ್ಲ. "ಅದೇ ಜಕರಂಡ ಇನ್ನೂ ಹತ್ತು ಮಾಡಿಕೊಡಿ, ರಿಟರ್ನ್ ಗಿಫ್ಟ್‌ಗೆ" ಅಂದಾಗ ನಾವು ಆಗುವುದಿಲ್ಲ ಅನ್ನುವುದು ಬಿಗುಮಾನದಿಂದ ಅಲ್ಲ.

ಶಾಯಿ ಎಣ್ಣೆಯದ್ದು. ಒಂದು ಬಣ್ಣ ಒಣಗಿದ ಮೇಲೆಯೇ ಇನ್ನೊಂದು. ಮಳೆಗಾಲದಲ್ಲಿ ಒಣಗುವುದು ಇನ್ನೂ ನಿಧಾನ. ಹಾಗಂತ ಮಳೆಗಾಲ ನಮಗೆ ಕೆಟ್ಟ ಕಾಲವೇನಲ್ಲ. ಹೊರಗೆ ಹೋಗುವ ಹಾಗಿಲ್ಲ, ಮುಹೂರ್ತಗಳು ಕಡಿಮೆ, ಮಕ್ಕಳು ಶಾಲೆಯಲ್ಲಿ. ಹಾಳೆಗಳು ಹಗ್ಗದ ಮೇಲೆ ಕ್ಲಿಪ್ ಹಾಕಿಕೊಂಡು ನೇತಾಡುತ್ತಿರಲಿ, ನಾವು ಮುಂದಿನ ಲಿನೋ ಕೆತ್ತಬಹುದು. ಹಾಗಾಗಿ ಹೊಸ ಕ್ರಮ ಇದು: ಬೇಸಿಗೆಯಲ್ಲಿ ಹೊರಗೆ ಕೂತು ಬಿಡಿಸುವುದು, ಮಳೆಗಾಲದಲ್ಲಿ ಕೆತ್ತಿ ಅಚ್ಚು ಹಾಕುವುದು, ದಸರಾದಿಂದ ಜನವರಿವರೆಗೆ ಜೋರಾಗಿ ಮಾರುವುದು. ನೀವು ಮಾಡಿಸುವ ಚಿತ್ರಗಳು ಜೂನ್‌ನಿಂದಲೇ ಇವುಗಳ ಜೊತೆಗೆ ಸೇರಿಕೊಳ್ಳುತ್ತವೆ.

ಮಾರುವುದರ ಬಗ್ಗೆ ಒಂದು ಮಾತು. ಚಿತ್ರ ಮಾಡಲು ಹಿಡಿಯುವಷ್ಟೇ ಹೊತ್ತು ಅದನ್ನು ಮಾರಲೂ ಹಿಡಿಯುತ್ತದೆ. ಫೋಟೋ ತೆಗೆಯಬೇಕು, ಇನ್‌ಸ್ಟಾಗ್ರಾಮ್‌ಗೆ ಹಾಕಬೇಕು. ಬೆಲೆ ಕೆಳಗೇ ಬರೆದಿದ್ದರೂ "ಪ್ರೈಸ್ ಪ್ಲೀಸ್" ಅಂತ ಬರುವ ಮೆಸೇಜ್‌ಗಳಿಗೆ ಉತ್ತರ ಕೊಡಬೇಕು. ರಾತ್ರಿ ಹನ್ನೊಂದಕ್ಕೆ "ಸೋಫಾ ಬಣ್ಣಕ್ಕೆ ಮ್ಯಾಚ್ ಆಗತ್ತಾ ನೋಡಿ ಹೇಳಿ" ಅಂತ ಸೋಫಾ ಫೋಟೋ ಬರುತ್ತದೆ. (ಆಗುತ್ತದೆ. ಹಸಿರು ಎಲ್ಲದಕ್ಕೂ ಆಗುತ್ತದೆ.) ಇದೆಲ್ಲ ವಿಪರೀತವಾಗುವುದು ಚಿತ್ರಸಂತೆ ಆದಮೇಲೆ. ಜನವರಿಯಲ್ಲಿ ಕುಮಾರಕೃಪಾ ರಸ್ತೆಯಲ್ಲಿ ಚಿತ್ರಕಲಾ ಪರಿಷತ್ತಿನವರು ನಡೆಸುವ ಆ ಒಂದು ಭಾನುವಾರ ನಮಗೆ ಹಬ್ಬವೇ ಸರಿ. ತಂದದ್ದೆಲ್ಲ ಖಾಲಿಯಾಗುತ್ತದೆ, ಜೊತೆಗೆ ಆರ್ಡರ್ ಪುಸ್ತಕ ತುಂಬುತ್ತದೆ. ಆ ಪುಸ್ತಕ ತೀರಿಸುವಷ್ಟರಲ್ಲಿ ಮಾರ್ಚ್ ಮುಗಿದು, ಜಕರಂಡ ಉದುರಿ ಹೋಗಿರುತ್ತದೆ.

ಹಿರಿಯರೊಬ್ಬರು ನಮಗೆ ನೇರವಾಗಿ ಹೇಳಿದ್ದರು: "ನಿಜವಾದ ಕಲಾವಿದ ಸಂಸಾರ, ಪರೀಕ್ಷೆ ಅಂತ ನೆಪ ಹೇಳಲ್ಲ." ಕಸ್ತೂರಬಾ ರಸ್ತೆಯ ಗ್ಯಾಲರಿಗೆ ಯಾರ ಹೆಸರಿದೆಯೋ ಆ ಕೆ. ವೆಂಕಟಪ್ಪನವರು ಮದುವೆಯಾಗದೆ ಬದುಕನ್ನೆಲ್ಲ ಚಿತ್ರಕ್ಕೂ ವೀಣೆಗೂ ಕೊಟ್ಟವರು. ಅವರಿಗೆ ಕೈಮುಗಿಯುತ್ತೇವೆ. ಆದರೆ ನಮಗೆ ಹತ್ತಿರ ಅನ್ನಿಸುವವರು ರುಮಾಲೆ ಚನ್ನಬಸವಯ್ಯನವರು. ಸ್ವಾತಂತ್ರ್ಯ ಚಳವಳಿ, ಸೇವಾದಳ, 'ತಾಯಿನಾಡು' ಪತ್ರಿಕೆ, ರಾಜಕೀಯ ಅಂತ ಎಷ್ಟೋ ವರ್ಷ ಕುಂಚ ಬದಿಗಿಟ್ಟಿದ್ದರು. 60ರ ದಶಕದಲ್ಲಿ ಮತ್ತೆ ಹಿಡಿದರು. ನಾವು ಇವತ್ತು ಬಿಡಿಸುವ ಇದೇ ಊರಿನ ಹೂಮರಗಳನ್ನು ಬಯಲಲ್ಲೇ ನಿಂತು ಬಿಡಿಸಿದರು. 1988ರಲ್ಲಿ ತೀರಿಕೊಂಡರು. ನಡುವೆ ಬಿಟ್ಟ ವರ್ಷಗಳಿಂದ ಅವರ ಮರಗಳಿಗೆ ಏನೂ ಕಡಿಮೆಯಾದ ಹಾಗೆ ನಮಗೆ ಕಾಣುವುದಿಲ್ಲ.

ಇನ್ನು ಕೆಲವರು ಕೊಟ್ಟ ಸಲಹೆ: ಮಾರುವುದಕ್ಕೆ ಒಬ್ಬರನ್ನು ಇಟ್ಟುಕೊಳ್ಳಿ. ಕೂತು ಲೆಕ್ಕ ಹಾಕಿದೆವು. 1,200 ರೂಪಾಯಿಯ ಒಂದು ಚಿತ್ರದಲ್ಲಿ ಕಾಗದ, ಶಾಯಿಗೆ 150 ಹೋಗುತ್ತದೆ. ರಟ್ಟಿನ ಕೊಳವೆ, ಅಂಚೆ ಸೇರಿ 130. ಬಾಡಿಗೆ, ಉಪಕರಣ ಅಂತ ಬಳಗದ ನಿಧಿಗೆ 180. ಉಳಿಯುವ 740 ಮಾಡಿದವರಿಗೆ. ತಿಂಗಳಿಗೆ ಸರಾಸರಿ 60 ಚಿತ್ರ ಹೋಗುತ್ತವೆ. ಒಬ್ಬರಿಗೆ 18,000 ಸಂಬಳ ಕೊಟ್ಟರೆ ಒಂದು ಚಿತ್ರದ ಮೇಲೆ 300 ಬೀಳುತ್ತದೆ. ಒಂದೋ ಮಾಡಿದವರ ಕೈಗೆ 440 ಬರಬೇಕು, ಇಲ್ಲವೇ ನೀವು 1,500 ಕೊಡಬೇಕು. ಎರಡೂ ಬೇಡ ಅನ್ನಿಸಿತು. ಗಿಫ್ಟ್ ಅಂಗಡಿಗಳಿಗೆ ಕೊಟ್ಟರೆ ಅವರು ಕೇಳುವ ಕಮಿಷನ್ ಇದಕ್ಕಿಂತ ಜಾಸ್ತಿ.

ಹಳೇ ಮನೆಗಳ ವಿಷಯಕ್ಕೆ ಬರೋಣ. ಬಸವನಗುಡಿ, ಮಲ್ಲೇಶ್ವರ, ಚಾಮರಾಜಪೇಟೆ ಕಡೆಯಿಂದ ಒಂದು ಬಗೆಯ ಫೋನ್ ಬರುತ್ತದೆ. ಅಜ್ಜ ಕಟ್ಟಿಸಿದ ಮನೆ, ಅಣ್ಣತಮ್ಮಂದಿರು ಸೇರಿ ಬಿಲ್ಡರ್‌ಗೆ ಕೊಟ್ಟಿದ್ದಾರೆ, ಮುಂದಿನ ತಿಂಗಳು ಕೆಡವುತ್ತಾರೆ, ಅದಕ್ಕೆ ಮುಂಚೆ ಮನೆಯದೊಂದು ಚಿತ್ರ ಬೇಕು. ಇದಕ್ಕೆ "ಜೂನ್‌ನಲ್ಲಿ ಬನ್ನಿ" ಅನ್ನುವುದು ಹೇಗೆ? ಜೂನ್‌ನಲ್ಲಿ ಅಲ್ಲಿ ಇರುವುದು ಗುಂಡಿ. ಆದ್ದರಿಂದ ಕೆಡವುವ ಮನೆಗಳ ಆರ್ಡರ್ ವರ್ಷವಿಡೀ ತೆಗೆದುಕೊಳ್ಳುತ್ತೇವೆ, ಫೆಬ್ರವರಿ ಆಗಲಿ ಮೇ ಆಗಲಿ. ನಮ್ಮಲ್ಲಿ ಇಬ್ಬರು ಬಂದು ಅರ್ಧ ದಿನ ಅಲ್ಲೇ ಕೂತು ಗೆರೆ ಹಾಕಿಕೊಳ್ಳುತ್ತಾರೆ. ಕಿಟಕಿಯ ಮೇಲಿನ ಮಂಕಿ ಟಾಪ್ (ಚೂಪು ತುದಿಯ ಮರದ ಮಾಡು), ಜಗಲಿಯ ರೆಡ್ ಆಕ್ಸೈಡ್ ನೆಲ, ಕಾಂಪೌಂಡಿನ ಪಾರಿಜಾತ, ಗೇಟಿನ ಪಕ್ಕ ಮನೆಯ ಹೆಸರು, ಎಲ್ಲ. (ಹೆಸರನ್ನು ಉಲ್ಟಾ ಕೆತ್ತಬೇಕು. ಒತ್ತಕ್ಷರ ಜಾಸ್ತಿ ಇರುವ ಹೆಸರಿಟ್ಟ ಅಜ್ಜಂದಿರನ್ನು ಕೆತ್ತುವಾಗ ನೆನೆಸಿಕೊಳ್ಳುತ್ತೇವೆ.) ಅಚ್ಚು ಮಾತ್ರ ಮಳೆಗಾಲದಲ್ಲೇ ಆಗುವುದು, ಚಿತ್ರ ಕೈಗೆ ಸಿಗುವುದು ಆಗಸ್ಟ್‌ನಲ್ಲಿ. ಅರ್ಧ ಹಣ ಮುಂಗಡ. ಅಣ್ಣತಮ್ಮಂದಿರು ಎಷ್ಟು ಜನ ಇದ್ದಾರೆ, ಎಷ್ಟು ಪ್ರತಿ ಬೇಕು ಅಂತ ಮೊದಲೇ ಮಾತಾಡಿಕೊಂಡು ಬನ್ನಿ. ಮೇಲೆ ಹೇಳಿದ ಹಾಗೆ, ಆಮೇಲೆ ಇನ್ನೊಂದು ಹಾಕಿಕೊಡಲು ಬರುವುದಿಲ್ಲ.

ಬೇಸಿಗೆಯಲ್ಲಿ ಮದುವೆ, ಗೃಹಪ್ರವೇಶ ಇರುವವರು ಡಿಸೆಂಬರ್‌ನಲ್ಲೇ ಚಿತ್ರ ಆರಿಸಿ ಇಟ್ಟುಕೊಂಡರೆ ಒಳ್ಳೆಯದು. ಹೆಸರು, ತಾರೀಕು ಬರೆಯಬೇಕಾದರೆ ಹಾಳೆಯ ಅಂಚಿನಲ್ಲಿ ಕೈಯಲ್ಲಿ ಬರೆದುಕೊಡುತ್ತೇವೆ. ಅದಕ್ಕೆ ಬೇಸಿಗೆಯಲ್ಲೂ ತೊಂದರೆ ಇಲ್ಲ. ಫೋನ್ ಮತ್ತು ವಾಟ್ಸಾಪ್‌ಗೆ ಮಂಗಳವಾರ, ಶುಕ್ರವಾರ ಬೆಳಿಗ್ಗೆ 11ರಿಂದ 1ರವರೆಗೆ ಉತ್ತರ. ಇದು ವರ್ಷವಿಡೀ ಹೀಗೇ. ಅಂಚೆಗೆ ಹಾಕುವುದು ಶುಕ್ರವಾರ ಮಧ್ಯಾಹ್ನ. 2025ರಲ್ಲಿ ರಿಜಿಸ್ಟರ್ಡ್ ಪೋಸ್ಟ್ ಸ್ಪೀಡ್ ಪೋಸ್ಟ್‌ನಲ್ಲೇ ಸೇರಿಹೋಗಿರುವುದರಿಂದ ಎಲ್ಲವೂ ಸ್ಪೀಡ್ ಪೋಸ್ಟ್‌ನಲ್ಲೇ ಬರುತ್ತದೆ. ಫ್ರೇಮ್ ಹಾಕಿದ್ದನ್ನು ಅಂಚೆಯಲ್ಲಿ ಕಳಿಸುವುದಿಲ್ಲ, ಗಾಜು ಉಳಿಯುವುದಿಲ್ಲ. ಬೆಲೆ ಈ ವರ್ಷ ಏರಿಸುತ್ತಿಲ್ಲ.

ನಾಲ್ಕು ತಿಂಗಳು ಆರ್ಡರ್ ಇಲ್ಲದಿದ್ದರೆ ಇದನ್ನೇ ನಂಬಿದ ಇಬ್ಬರ ಗತಿ ಏನು ಅನ್ನುವುದು ನಮ್ಮ ಮೀಟಿಂಗ್‌ನಲ್ಲಿ ಎಲ್ಲಕ್ಕಿಂತ ಹೆಚ್ಚು ಹೊತ್ತು ತೆಗೆದುಕೊಂಡ ಪ್ರಶ್ನೆ. ಅದಕ್ಕೆ ಹೀಗೊಂದು ಏರ್ಪಾಟು ಮಾಡಿದ್ದೇವೆ. ನವೆಂಬರ್‌ನಿಂದ ಜನವರಿ ಕೊನೆಯೊಳಗೆ 3,300 ರೂಪಾಯಿ ಕೊಟ್ಟವರಿಗೆ, ಮುಂದೆ ಬರುವ ಬೇಸಿಗೆಯಲ್ಲಿ ಬಿಡಿಸುವ ಮರಗಳ ಹೊಸ ಚಿತ್ರಗಳಲ್ಲಿ ಮೂರು, ಅವರೇ ಆರಿಸಿದ್ದು, ಆಗಸ್ಟ್‌ನಲ್ಲಿ ಮನೆಗೆ ಬರುತ್ತದೆ. ಬೇರೆಯವರಿಗೆ ಮಾರುವ ಮುಂಚೆ ಇವರಿಗೆ ಆಯ್ಕೆ. ಈ ಹಣ ಫೆಬ್ರವರಿಯಿಂದ ಮೇವರೆಗೆ ಆ ಇಬ್ಬರಿಗೆ ತಿಂಗಳು ತಿಂಗಳು ಹೋಗುತ್ತದೆ. ಯಾವ ಮರ ಬರುತ್ತದೆ ಅಂತ ಮೊದಲೇ ಹೇಳಲು ಆಗುವುದಿಲ್ಲ. ಯಾವುದು ಚೆನ್ನಾಗಿ ಹೂಬಿಡುತ್ತದೋ ಅದು.

ಈಗಾಗಲೇ ಮುಂಗಡ ಕೊಟ್ಟಿರುವವರ ಆರ್ಡರ್‌ಗಳಿಗೆ ಈ ಬದಲಾವಣೆ ಅನ್ವಯಿಸುವುದಿಲ್ಲ. ಅವನ್ನೆಲ್ಲ ಜನವರಿ 31ರೊಳಗೆ ಮುಗಿಸಿ ಕೊಡುತ್ತೇವೆ. ಬೇಡ, ಹಣ ವಾಪಸ್ ಕೊಡಿ ಅನ್ನುವವರು ಮಂಗಳವಾರವೋ ಶುಕ್ರವಾರವೋ ಒಂದು ಮೆಸೇಜ್ ಹಾಕಿ, ಪೂರ್ತಿ ಹಣ ಕಳಿಸುತ್ತೇವೆ. ಹನುಮಂತನಗರಕ್ಕೆ ಬಂದು ಚಿತ್ರ ಒಯ್ಯುವವರು ಮಹಡಿ ಮೆಟ್ಟಿಲ ಹತ್ತಿರ ಬೆಲ್ ಒತ್ತಿ. ಕೆಳಗಿನ ಮನೆಯವರನ್ನು ದಯವಿಟ್ಟು ಕರೆಯಬೇಡಿ, ಅವರ ಮಗಳಿಗೆ ಈ ವರ್ಷ ಪಿಯುಸಿ.

ಇಂತಿ,
ಬಳಗದ ಏಳೂ ಜನರ ಪರವಾಗಿ,
ಲೆಕ್ಕ ಬರೆಯುವವಳು
ಹನುಮಂತನಗರ, ಬೆಂಗಳೂರು