ಅಮ್ಮನ ಸರ ಅಡವಿಡಬೇಡಿ

ಹೆಲ್ಸಿಂಕಿ, ಡಿಸೆಂಬರ್ 14

ತೀರ್ಥರೂಪು ತಂದೆಯವರಿಗೆ ಮಗಳು ಮಾಡುವ ನಮಸ್ಕಾರಗಳು. ಉಭಯ ಕುಶಲೋಪರಿ.

ನಿಮ್ಮ ಕಾಗದ ಓದಿದ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಸಂಕ್ರಾಂತಿಯೊಳಗೆ ಸ್ಟಿಕರ್ ಕತ್ತರಿಸುವ ಯಂತ್ರ ತರಲೇಬೇಕೆಂದು ಪುಟ್ಟ ಹಟ ಹಿಡಿದಿರುವುದೂ, ಅದಕ್ಕಾಗಿ ಅಮ್ಮನ ಎರಡೆಳೆ ಸರವನ್ನು ಅಡವಿಡುವ ಮಾತು ಬಂದಿರುವುದೂ ತಿಳಿಯಿತು. ಯಂತ್ರ ಬೇಕೆನ್ನುವುದರಲ್ಲಿ ಅವನ ತಪ್ಪಿಲ್ಲ. ಗುತ್ತಲು ರಸ್ತೆಯ ನಮ್ಮ ಅಕ್ಷರ ಬರೆಯುವ ಅಂಗಡಿಗೆ ಬರುವ ಆಟೋದವರಿಗೂ ಟ್ರ್ಯಾಕ್ಟರಿನವರಿಗೂ ಈಗ ಬಣ್ಣ ಒಣಗುವವರೆಗೆ ಕಾಯುವ ತಾಳ್ಮೆಯಿಲ್ಲ. ಆದರೆ ಅವನು ಮೆಚ್ಚಿಕೊಂಡಿರುವ ಕ್ರಿಕಟ್ ಯಂತ್ರ ನಮ್ಮ ಕೆಲಸಕ್ಕೆ ಒಗ್ಗುವುದಿಲ್ಲ. ಅದರ ಅಗಲ ಹನ್ನೆರಡು ಅಂಗುಲದಷ್ಟು ಮಾತ್ರ. ಅದನ್ನು ಕಂಪನಿಯ ಡಿಸೈನ್ ಸ್ಪೇಸ್ ತಂತ್ರಾಂಶದ ಮೂಲಕವೇ ನಡೆಸಬೇಕು. 2021ರ ಮಾರ್ಚಿನಲ್ಲಿ ಆ ಕಂಪನಿ, ತಿಂಗಳಿಗೆ 20ಕ್ಕಿಂತ ಹೆಚ್ಚು ಸ್ವಂತ ಚಿತ್ರಗಳನ್ನು ಹಾಕಬೇಕಾದರೆ ಚಂದಾ ಕಟ್ಟಬೇಕೆಂದು ಪ್ರಕಟಿಸಿ, ಗಿರಾಕಿಗಳು ತಿರುಗಿಬಿದ್ದ ಮೇಲೆ ಹಿಂದೆ ಸರಿಯಿತು. ಕೊಂಡ ಮೇಲೂ ಇನ್ನೊಬ್ಬರ ಅಪ್ಪಣೆಗೆ ಕಾಯುವ ಯಂತ್ರಕ್ಕೆ ಅಮ್ಮನ ಚಿನ್ನ ಹೋಗಬಾರದು.

ಪುಟ್ಟನಿಗೆ ಇಂಕ್‌ಸ್ಕೇಪ್ ಚೆನ್ನಾಗಿ ಬರುತ್ತದೆ. ಅದು ಚಿತ್ರ, ಅಕ್ಷರ ಬಿಡಿಸುವ ಉಚಿತ, ಮುಕ್ತ ತಂತ್ರಾಂಶ. ದುಡ್ಡು ಕೊಟ್ಟು ಕೊಳ್ಳಬೇಕಾದ ಕೋರೆಲ್‌ಡ್ರಾದ ಕಳ್ಳ ಪ್ರತಿ ಹಾಕಿಸಿಕೊಂಡು ಹೆದರುವ ಅಗತ್ಯವಿಲ್ಲ. ಆದ್ದರಿಂದ ಅಂಗಡಿಗೆ ಹೋದಾಗ ಅವನು ಮೊದಲು ಕೇಳಬೇಕಾದ ಪ್ರಶ್ನೆ ಬೆಲೆಯದಲ್ಲ, ಯಂತ್ರಕ್ಕೆ ಎಚ್‌ಪಿಜಿಎಲ್ ಅರ್ಥವಾಗುತ್ತದೆಯೇ ಎಂಬುದು. ಹ್ಯೂಲೆಟ್ ಪ್ಯಾಕರ್ಡ್ ಕಂಪನಿ 1970ರ ದಶಕದಲ್ಲಿ ಪೆನ್ನು ಹಿಡಿದು ಗೆರೆ ಎಳೆಯುವ ತನ್ನ ಪ್ಲಾಟರ್ ಯಂತ್ರಗಳಿಗಾಗಿ ರೂಪಿಸಿದ ಭಾಷೆ ಅದು. ಪೆನ್ನು ಎತ್ತು, ಇಳಿಸು, ಇಂಥಲ್ಲಿಗೆ ಹೋಗು ಎನ್ನುವಷ್ಟು ಸರಳವಾಗಿರುವುದರಿಂದಲೇ ಇಂದಿಗೂ 24 ಅಂಗುಲದ ಅಗ್ಗದ ಚೀನೀ ಕಟರ್‌ಗಳಲ್ಲಿ ಬಹುಪಾಲು ಅದನ್ನೇ ಕೇಳುತ್ತವೆ. ಇಂಕ್‌ಸ್ಕೇಪಿನ ಪ್ಲಾಟ್ ಎಂಬ ಸೌಲಭ್ಯದಿಂದಲೋ, ಇಂಕ್‌ಕಟ್ ಎಂಬ ಇನ್ನೊಂದು ಉಚಿತ ತಂತ್ರಾಂಶದಿಂದಲೋ ಅವಕ್ಕೆ ನೇರವಾಗಿ ಕಳಿಸಬಹುದು. ಪುಟ್ಟ ತನ್ನ ಲ್ಯಾಪ್‌ಟಾಪನ್ನೇ ಹೊತ್ತುಕೊಂಡು ಹೋಗಲಿ, ಅಂಗಡಿಯವರ ಮುಂದೆಯೇ ಹತ್ತು ಸೆಂಟಿಮೀಟರಿನ ಚೌಕವೊಂದನ್ನು ಕತ್ತರಿಸಿ ಸ್ಕೇಲ್ ಇಟ್ಟು ಅಳೆಯಲಿ. ಗೆರೆ ಶುರುವಾದ ಜಾಗಕ್ಕೇ ಬಂದು ಸೇರದಿದ್ದರೆ, ಮೂಲೆಗಳು ಉರುಟಾಗಿದ್ದರೆ, ಚಾಕುವಿನ ಆಫ್‌ಸೆಟ್, ಅಂದರೆ ಅದರ ಮೊನೆ ನಡುವಿನಿಂದ ಸರಿದಿರುವ ದೂರ, 0.25 ಮಿ.ಮೀ. ಇದೆಯೇ ಎಂದು ನೋಡಲಿ. ಆಗಲೂ ಸೇರದಿದ್ದರೆ ವಾಪಸು ಬರಲಿ.

ಇದನ್ನೆಲ್ಲ ನಾನು ಕೇಳಿ ಹೇಳುತ್ತಿಲ್ಲ. 2018ರಲ್ಲಿ ತೆರೆದ ಊಡಿ ಎಂಬ ಗ್ರಂಥಾಲಯ ಇಲ್ಲಿದೆ. ಪುಸ್ತಕಗಳಿರುವುದು ಮೇಲಿನ ಮಹಡಿಯಲ್ಲಿ. ಅದರ ಕೆಳಗೆ ಹೊಲಿಗೆ ಯಂತ್ರಗಳು, ಸ್ಟಿಕರ್ ಕಟರ್ ಎಲ್ಲವೂ ಇವೆ, ನಾವು ಬಳಸಿದ ಸಾಮಗ್ರಿಗೆ ದುಡ್ಡು ಕೊಟ್ಟರೆ ಸಾಕು. ಅಂಥ ಜಾಗದಲ್ಲಿ ಕಳೆದ ಶನಿವಾರ ಫಿನ್ನಿಷ್ ಹುಡುಗರ ನಡುವೆ ಕೂತು ನಾನು ‘ಶ್ರೀ ನಿಮಿಷಾಂಬ ಪ್ರಸನ್ನ’ ಎಂದು ಕತ್ತರಿಸಿದೆ. ಮೊದಲ ಸಲ ಕೆಟ್ಟಿತು. ನಮ್ಮ ಒತ್ತಕ್ಷರದ ಗೆರೆ ಮೇಲಿನ ಅಕ್ಷರವನ್ನು ಹಾಯುವ ಕಡೆಯಲ್ಲೆಲ್ಲ ಚಾಕು ಎರಡೂ ಗೆರೆಗಳನ್ನು ಕತ್ತರಿಸಿತ್ತು. ಚಿಮುಟದಿಂದ ಸುತ್ತಲಿನ ವಿನೈಲ್ ಸ್ಟಿಕರ್ ಹಾಳೆ ಎಬ್ಬಿಸಿದಾಗ ‘ನ್ನ’ದ ಒತ್ತು ಬಿಡಿಬಿಡಿಯಾಗಿ ಅದರ ಜೊತೆಗೇ ಎದ್ದು ಬಂತು. ಇಂಗ್ಲಿಷ್ ಅಕ್ಷರ ಕತ್ತರಿಸುವವರಿಗೆ ಈ ತೊಂದರೆ ಅಷ್ಟಾಗಿ ಬಾರದು. ಇಂಕ್‌ಸ್ಕೇಪಿನಲ್ಲಿ ಬರಹವನ್ನು ಪಾತ್ ಆಗಿ, ಅಂದರೆ ಬರಿಯ ಗೆರೆಗಳಾಗಿ ಬದಲಿಸಿ, ಅನ್‌ಗ್ರೂಪ್ ಮಾಡಿ ಬಿಡಿಸಿ, ಆಮೇಲೆ ಒಂದುಗೂಡಿಸುವ ಯೂನಿಯನ್ ಕೊಟ್ಟರೆ ಒಳಗಿನ ಗೆರೆಗಳು ಅಳಿದು ಹೊರಗೆರೆ ಒಂದೇ ಉಳಿಯುತ್ತದೆ. ಎರಡನೆಯ ಸಲ ಅಕ್ಷರಗಳು ಮುತ್ತಿನಂತೆ ಬಂದವು. ಪಕ್ಕದ ಹುಡುಗ ಬಂದು ಇದು ಯಾವ ಲಿಪಿ, ಇಷ್ಟು ದುಂಡಗಿದೆಯಲ್ಲ ಎಂದು ಕೇಳಿದಾಗ, ಇದನ್ನು ಕುಂಚದಲ್ಲಿ ಬರೆಯುವುದರಲ್ಲಿ ಮಂಡ್ಯದಲ್ಲಿ ನಮ್ಮಪ್ಪನನ್ನು ಮೀರಿಸುವವರಿಲ್ಲ ಎಂದು ಹೇಳಿಯೇ ಬಂದೆ.

ಅಪ್ಪ, ಯಂತ್ರ ಬಂದರೆ ನಿಮ್ಮ ಕೈ ಅಂಗಡಿಗೆ ಬೇಡವಾಗುತ್ತದೆ ಎಂದು ಬರೆದಿದ್ದೀರಿ. ದಯವಿಟ್ಟು ಹಾಗೆ ಎಣಿಸಬೇಡಿ. ನೀವು ಬಿಳಿ ಹಾಳೆಯ ಮೇಲೆ ಕಪ್ಪು ಮಸಿಯಲ್ಲಿ ಬರೆದುಕೊಟ್ಟರೆ, ಪುಟ್ಟ ಅದನ್ನು ಸ್ಕ್ಯಾನ್ ಮಾಡಿ ಟ್ರೇಸ್ ಬಿಟ್‌ಮ್ಯಾಪ್ ಕೊಟ್ಟಾಗ ನಿಮ್ಮ ಅಕ್ಷರವೇ ಕತ್ತರಿಸುವ ಗೆರೆಯಾಗುತ್ತದೆ. ಫಾಂಟಿನ ಅಕ್ಷರ ಯಾವ ಅಂಗಡಿಯಲ್ಲಾದರೂ ಸಿಗುತ್ತದೆ, ನಿಮ್ಮ ‘ಳ’ಕಾರದ ಬಳುಕು ಸಿಗುವುದಿಲ್ಲ.

ಹಣದ ಚಿಂತೆ ಬೇಡವೇ ಬೇಡ. ಸೋಮವಾರ 30,000 ರೂಪಾಯಿ ಕಳಿಸುತ್ತೇನೆ, ಸಾಲದಿದ್ದರೆ ಮುಂದಿನ ತಿಂಗಳು ಮತ್ತೆ ಕಳಿಸುತ್ತೇನೆ. ನನಗೆ ಇಲ್ಲಿ ಯಾವ ಕೊರತೆಯೂ ಇಲ್ಲ, ಊಟ, ಬಟ್ಟೆ, ಬೆಚ್ಚಗಿನ ಕೋಣೆ ಎಲ್ಲವೂ ಇದೆ, ಅಮ್ಮನಿಗೆ ಹಾಗೆಂದೇ ಹೇಳಿ. ಸರ ಅವಳ ಕೊರಳಲ್ಲೇ ಇರಲಿ. ಮಧ್ಯಾಹ್ನ ಮೂರೂಕಾಲಿಗೇ ಇಲ್ಲಿ ಹೊತ್ತು ಮುಳುಗಿದೆ, ಅಂಚೆ ಮುಚ್ಚುವುದರೊಳಗೆ ಓಡಬೇಕು. ಪುಟ್ಟ ಯಾವ ಯಂತ್ರ ನೋಡಿದನೆಂದು ಕೊಳ್ಳುವ ಮುಂಚೆಯೇ ತಿಳಿಸಲಿ.

ನಿಮ್ಮ ಮಗಳು